ಆಯಿಲ್ ಕುಡಿಯದ ಲಾರಿ

ಔರಾದಿನ ಸೋಯಾಬೀನನ್ನು ಭಾಲ್ಕಿಯ ಮಾರುಕಟ್ಟೆಗೆ ಸಾಗಿಸುವ ಹಳೆಯ ಲಾರಿ ದಾಜಿಯದು, ಓಡಿಸುವವನು ನಾನು. ದಾಜಿ ಎಂದರೆ ಅಕ್ಕನ ಗಂಡ. ನಮ್ಮ ಮನೆಯಲ್ಲಿ ಜಗಳ ಕನ್ನಡದಲ್ಲಾದರೂ ಕರೆಯುವುದು ಮರಾಠಿಯಲ್ಲೇ. ದಿನಾ ಬೆಳಿಗ್ಗೆ ಎಂಜಿನ್ನಿನ ಆಯಿಲ್ ಕಡ್ಡಿ ಎಳೆದು ನೋಡುವುದು ಅವರ ಮೊದಲ ಪೂಜೆ. ಆಯಿಲ್ ಮೇಲಿನ ಗೆರೆ ಮುಟ್ಟಿದ್ದು ಕಂಡರೆ ಸಾಕು, ಚಹಾದಂಗಡಿಯವರೆಗೂ ಸುದ್ದಿ.

"ಹೊಸ ಗಾಡಿನೂ ಆಯಿಲ್ ಕುಡೀತಾವ. ನಮ್ಮದು ಒಂದ್ ಹನಿ ಕುಡಿಯಂಗಿಲ್ಲ ನೋಡ್ರಿ."

ಅಂಥ ಲಾರಿ ಈ ಸುಗ್ಗಿಯಲ್ಲಿ ಡೀಸೆಲ್ ಕುಡಿಯತೊಡಗಿತು. ನೆಲದ ಮೇಲೆ ಒಂದು ಹನಿಯೂ ಇಲ್ಲ, ಪೈಪುಗಳೆಲ್ಲ ಒಣ ಒಣ. ಸೋರದ ಡೀಸೆಲ್ ಎಲ್ಲಿಗೆ ಹೋಗುತ್ತದೆ? ದಾಜಿಗೆ ಕಂಡದ್ದು ಒಂದೇ ದಾರಿ, ನನ್ನ ಕೈ. ಡೀಸೆಲ್ ಟಾಕಿಗೆ ಬೀಗ ಬಿತ್ತು, ಕೀಲಿ ಅವರ ಉಡದಾರ ಸೇರಿತು. ಆದರೂ ಡೀಸೆಲ್ ಹೋಗುವುದು ನಿಲ್ಲಲಿಲ್ಲ. ಆಗ ನನ್ನ ಹತ್ತಿರ ಕಳ್ಳ ಕೀಲಿ ಇದೆ ಎಂದಾಯಿತು. ಅಕ್ಕ ರೊಟ್ಟಿ ಬಡಿಸುವಾಗ ನನ್ನ ಮುಖ ನೋಡುವುದನ್ನೇ ಬಿಟ್ಟಳು. ಬೀಗಕ್ಕಿಂತ ಅದು ಹೆಚ್ಚು ನೋಯಿಸಿತು.

ಮನೆದೇವರ ಅರಿಶಿನ, ನಾವು ಭಂಡಾರ ಎನ್ನುವುದು, ಒಂದು ಪುಟ್ಟ ಚೀಲದಲ್ಲಿ ಸದಾ ಸ್ಟಿಯರಿಂಗ್ ಮುಂದೆ ಇರುತ್ತದೆ. ಅದನ್ನು ಮುಟ್ಟಿ ಆಡಿದ ಮಾತಿನ ಮೇಲೆ ಇನ್ನೊಂದು ಮಾತಿಲ್ಲ. ಒಂದು ದಿನ ದಾಜಿ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದರು.

"ನೀ ತಗೊಂಡಿಲ್ಲಂದ್ರ ಭಂಡಾರ ಮುಟ್ಟಿ ಹೇಳು."

ಮುಟ್ಟಿಬಿಡಬಹುದಿತ್ತು. ಆದರೆ ನನಗೆ ಸಿಟ್ಟು ನೆತ್ತಿಗೇರಿತ್ತು.

"ಇಷ್ಟು ವರ್ಷ ನಿಮ್ಮ ಗಾಡಿ ಹೊಡದೀನ್ರಿ. ನನ್ನ ಮಾತು ಸಾಲಂಗಿಲ್ಲಂದ್ರ ದೇವರನ್ಯಾಕ ನಡುವ ತರ್ತೀರಿ?"

ನಾನು ಮುಟ್ಟದೇ ಇದ್ದುದೇ ಕಳ್ಳತನಕ್ಕೆ ಸಾಕ್ಷಿಯಾಯಿತು.

ಮರುದಿನ ಬೆಳಿಗ್ಗೆ ದಾಜಿ ಏಳುವ ಮೊದಲೇ ಆಯಿಲ್ ಕಡ್ಡಿಯನ್ನು ನಾನೇ ಎಳೆದೆ. ಆಯಿಲ್ ಗೆರೆ ದಾಟಿ ಮೇಲೇರಿತ್ತು. ಯಾರೂ ಹಾಕದ ಆಯಿಲ್ ತಾನಾಗಿ ಏರುವುದುಂಟೇ? ಬೆರಳಲ್ಲಿ ತಿಕ್ಕಿದರೆ ನೀರು ಮಜ್ಜಿಗೆಯಷ್ಟು ತೆಳು, ಮೂಗಿಗೆ ಹಿಡಿದರೆ ಡೀಸೆಲ್ ನಾತ. ದಾಜಿಯನ್ನು ಎಬ್ಬಿಸಿ ಕಡ್ಡಿಯನ್ನು ಅವರ ಕೈಗೇ ಕೊಟ್ಟೆ.

"ಮೂಸಿ ನೋಡ್ರಿ."

ಮೂಸಿದರು, ಮತ್ತೊಮ್ಮೆ ಮೂಸಿದರು, ಅಕ್ಕನ ಕೈಗೂ ಕೊಟ್ಟರು.

ಟಾಕಿಯಿಂದ ಡೀಸೆಲ್ ಎಳೆಯುವ ಪಂಪು ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡೇ ಇರುತ್ತದೆ. ಪೈಪು ಬಿಡಿಸಿ, ಬೋಲ್ಟು ಕಳಚಿ ಹೊರತೆಗೆದೆ. ಒಳಗಿನ ರಬ್ಬರ್ ಪರದೆ ಅಂಚಿನಲ್ಲಿ ಹರಿದಿತ್ತು. ಡೀಸೆಲ್ ಹೊರಗೆ ಸೋರದೆ ಒಳಗೇ ಇಳಿದು ಆಯಿಲ್ ಸೇರುತ್ತಿತ್ತು. ಈ ಸುಗ್ಗಿಯಲ್ಲಿ ದಾಜಿ ಊರಿಗೆಲ್ಲ ಕೊಚ್ಚಿಕೊಂಡಿದ್ದು ಆಯಿಲ್ಲನ್ನಲ್ಲ, ಆ ಡೀಸೆಲ್ಲನ್ನೇ. ಆ ತೆಳು ಆಯಿಲ್ಲಿನಲ್ಲಿ ಇನ್ನಷ್ಟು ದಿನ ಓಡಿಸಿದ್ದರೆ ಎಂಜಿನ್ನೇ ಬಿಗಿಹಿಡಿದು ನಿಂತುಬಿಡುತ್ತಿತ್ತು.

ದಾಜಿ ಮೋಟರ್‌ಸೈಕಲ್ ಹತ್ತಿ ಬೀದರಿಗೆ ಹೋಗಿ ಹೊಸ ಪಂಪು ತಂದರು. ನಾನು ಕೆಟ್ಟ ಆಯಿಲ್ ಇಳಿಸಿ ಹೊಸದು ತುಂಬಿದೆ, ಆಯಿಲ್ ಫಿಲ್ಟರ್ ಬದಲಿಸಿದೆ, ಸಂದಿಯಲ್ಲಿ ಸೋರದಂತೆ ಹೊಸ ಪ್ಯಾಕಿಂಗ್ ಇಟ್ಟು ಪಂಪು ಕೂರಿಸಿದೆ. ಆಮೇಲೆ ಡೀಸೆಲ್ ಪೈಪಿನಲ್ಲಿ ಹೊಕ್ಕ ಗಾಳಿ ತೆಗೆಯಬೇಕು. ಡೀಸೆಲ್ ಫಿಲ್ಟರಿನ ಸ್ಕ್ರೂ ಸಡಿಲಿಸಿ ಪಂಪಿನ ಲಿವರ್ ಒತ್ತುತ್ತ ಕೂತೆ, ನೊರೆ ನಿಂತು ಬರೀ ಡೀಸೆಲ್ ಬಂದಾಗ ಬಿಗಿದೆ. ಸ್ವಲ್ಪ ಸತಾಯಿಸಿ ಎಂಜಿನ್ ಚಾಲೂ ಆಯಿತು.

ಭಾಲ್ಕಿಗೆ ಹೋಗಿ ಲೋಡು ಇಳಿಸಿ ಬಂದರೂ ಆಯಿಲ್ ಗೆರೆ ದಾಟಲಿಲ್ಲ, ಟಾಕಿಯಲ್ಲೂ ಇರಬೇಕಾದಷ್ಟು ಡೀಸೆಲ್ ಇತ್ತು. ಆ ದಿನ ಅಕ್ಕ ನನ್ನ ಮುಖ ನೋಡಿಯೇ ರೊಟ್ಟಿ ಬಡಿಸಿದಳು, ಅವಳ ಕಣ್ಣು ತುಂಬಿತ್ತು. ಊಟವಾದ ಮೇಲೆ ದಾಜಿ ಟಾಕಿಯ ಬೀಗ ತೆಗೆದು ಮನೆಯೊಳಗೆ ಮೂಲೆಗೆ ಎಸೆದು ಬಂದರು. ಕೈಯಲ್ಲಿ ಮತ್ತದೇ ಭಂಡಾರದ ಚೀಲ.

"ನಂದು ತಪ್ಪಾತು. ನನ್ನ ಮ್ಯಾಲ ಸಿಟ್ಟಿಲ್ಲಂತ ಇದನ್ನ ಮುಟ್ಟಿ ಹೇಳಿಬಿಡು."

ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದೆ.

"ಈಗ ಬ್ಯಾಡ್ರಿ ದಾಜಿ. ಸುಳ್ಳಾಗ್ತದ."