ಮಗ್ಗದ ಕುಣಿಯಲ್ಲಿ ಒಂದು ಹೆಜ್ಜೆ

ಮೊನ್ನೆ ಮೊಮ್ಮಗಳು ನನ್ನ ಹಳೇ ಟ್ರಂಕು ಕೆದಕಿ ಒಂದು ತೆಳ್ಳನೆಯ ಪುಸ್ತಕ ಹೊರತೆಗೆದಳು. ಬಿಚ್ಚಿದ್ದೇ ತಡ, ಒಲೆಬೂದಿಯ ವಾಸನೆ. ಇಷ್ಟು ವರ್ಷವಾದರೂ ಹೋಗದ ಇದೆಂಥ ವಾಸನೆಯೋ! ಬೆಟಗೇರಿಯ ನಮ್ಮ ಓಣಿ, ಪಕ್ಕದ ಮನೆಯ ಚಿಗವ್ವ, ಎಲ್ಲ ಕಣ್ಣ ಮುಂದೆ ಬಂದವು...

ಪುಸ್ತಕವನ್ನು ಹುಬ್ಬಳ್ಳಿಯಿಂದ ತಂದುಕೊಟ್ಟವನು ಚಿಗವ್ವನ ಗಂಡ, ನೇಕಾರ ಕಾಕಾ. ನಾನಾಗ ಅಕ್ಷರ ಕೂಡಿಸಿ ಓದಲು ಕಲಿತಿದ್ದೆನಷ್ಟೆ. ಯಾರೂ ಹಿಡಿಯದ, ಆದರೆ ಕಂಡೆವೆಂದು ಜನ ಆಣೆ ಮಾಡಿ ಹೇಳುವ ಪ್ರಾಣಿಗಳನ್ನು ಮಕ್ಕಳಿಗೆ ಪರಿಚಯಿಸುವ ಪುಸ್ತಕವದು. ಹಿಮದಲ್ಲಿ ನಡೆಯುವ ಕೂದಲ ಮನುಷ್ಯ, ಕೆರೆಯೊಳಗಿನ ಉದ್ದ ಕುತ್ತಿಗೆಯ ಪ್ರಾಣಿ... ಅದನ್ನು ನನ್ನ ಕೈಗಿಟ್ಟ ಕೆಲ ದಿನಗಳಲ್ಲೇ ಕಾಕಾ ನಿಜಾಮನ ವಿರುದ್ಧ ಹೋರಾಡುವವರ ಮುಂಡರಗಿಯ ಶಿಬಿರಕ್ಕೆ ಹೋದ. ಸ್ವಾತಂತ್ರ್ಯ ಬಂದಿತ್ತು, ಹೈದರಾಬಾದ್ ಸೀಮೆ ಮಾತ್ರ ಇನ್ನೂ ಹೊರಗಿತ್ತು. ಗಡಿ ದಾಟಿದವನ ಖಬರೇ ಬರಲಿಲ್ಲ.

ಮಗ ಸತ್ತನೆಂದೇ ನಂಬಿದ ಅತ್ತೆ ಚಿಗವ್ವನ ಬಳೆ ಒಡೆಸಬೇಕೆಂದು ಹಟ ಹಿಡಿದಳು. ಕರ್ಮ ಮಾಡದಿದ್ದರೆ ಸತ್ತ ಮಗನಿಗೆ ದಾರಿ ಸಿಗದೆಂಬ ಸಂಕಟ ಆಕೆಯದು. ಓದು ಬಾರದ ಚಿಗವ್ವ ದಿನಾ ನನ್ನನ್ನು ಕೂರಿಸಿಕೊಂಡು ಆ ಪುಸ್ತಕ ಓದಿಸುತ್ತಿದ್ದಳು. "ಯಾರಿಗೂ ಸಿಕ್ಕಿಲ್ಲ ಅಂದ್ರ ಇಲ್ಲ ಅಂತೇನಲ್ಲ, ಹೌದಲ್ಲ?" ಎಂದು ಕೇಳುತ್ತಿದ್ದಳು.

ಕೊನೆಯ ಪುಟದಲ್ಲಿ ಮಕ್ಕಳಿಗೊಂದು ಉಪಾಯವಿತ್ತು: ಪ್ರಾಣಿ ಓಡಾಡುವ ಜಾಗದಲ್ಲಿ ಬೂದಿ ಹರವಿ, ಬೆಳಿಗ್ಗೆ ಹೆಜ್ಜೆ ನೋಡಿರಿ. ಅದನ್ನು ಓದಿಸಿದ ದಿನವೇ ಸಂಜೆ ಚಿಗವ್ವ ಗಂಡನ ಮಗ್ಗದ ಕುಣಿಯಲ್ಲಿ, ಅವನು ಕಾಲು ಇಳಿಬಿಟ್ಟು ನೇಯುತ್ತಿದ್ದ ಆ ಗುಂಡಿಯಲ್ಲಿ, ಒಲೆಬೂದಿ ಹರವಿದಳು.

ಬೆಳಿಗ್ಗೆ ನನ್ನನ್ನು ಕೂಗಿದಳು. ಬಾಗಿಲಿಗೆ ಒಳಗಿನಿಂದ ಹಾಕಿದ ಚಿಲಕ ಹಾಗೇ ಇತ್ತಂತೆ. ಬೂದಿಯ ನಡುವೆ ಒಂದೇ ಒಂದು ಬಲಗಾಲಿನ ಹೆಜ್ಜೆ. ಬಂದ ಗುರುತಿಲ್ಲ, ಹೋದ ಗುರುತಿಲ್ಲ. ನಾಲ್ಕೇ ಬೆರಳು. ಕಾಕಾನ ಬಲಗಾಲಿಗೆ ಕಿರುಬೆರಳು ಇರಲಿಲ್ಲ, ಓಣಿಗೆಲ್ಲ ಗೊತ್ತಿದ್ದ ಮಾತು.

ಅತ್ತೆ ಇಣುಕಿದವಳೇ ಎದೆ ಎದೆ ಬಡಿದುಕೊಂಡಳು. ಕರ್ಮದ ದಿನ ಬೂದಿ ಹರವಿ, ಹೋದ ಜೀವ ಬಂದಿತ್ತೇ ಎಂದು ನೋಡುವುದು ಆಕೆ ಕಂಡ ಪದ್ಧತಿ.

"ಸತ್ತವ ಬಂದು ಹೋಗ್ಯಾನಲ್ಲೇ! ಇನ್ನರ ಬಳಿ ತಗಿ!"

"ಸತ್ತವರಿಗಂತ ಹಾಕಿದ ಬೂದಿ ಅಲ್ರಿ ಅತ್ತಿ ಇದು," ಎಂದ ಚಿಗವ್ವ ನನ್ನತ್ತ ತಿರುಗಿದಳು. "ನೀ ಓದವ್ವ."

ಕೊನೆಯ ಪುಟ ತೆಗೆದು ಓದಿದೆ: ಹೆಜ್ಜೆ ಕಂಡರೆ ಅದು ಜೀವಂತ ಇದೆಯೆಂದು ತಿಳಿಯಿರಿ.

ಅತ್ತೆ ಪುಸ್ತಕವನ್ನೇ ನೋಡುತ್ತ ನಿಂತಳು. ಆಮೇಲೆ ಬಳೆಯ ಮಾತನ್ನೇ ಎತ್ತಲಿಲ್ಲ. ಹೆತ್ತವಳಲ್ಲವೇ, ಆಕೆಗೂ ಅದೇ ಬೇಕಿತ್ತೇನೋ...

ಮುಂದೆ ಕನ್ನಡ ಸೀಮೆಗಳೆಲ್ಲ ಒಂದು ರಾಜ್ಯವಾದ ದಿನ ಓಣಿಯಲ್ಲಿ ಪೇಡೆ ಹಂಚಿದರು. ಚಿಗವ್ವ ತನ್ನ ಪಾಲಿನದನ್ನು ಕುಣಿಯ ಅಂಚಿಗಿಟ್ಟು, "ಗಡಿನ ಹೋತು. ಇನ್ನ ಬರಾಕ ಏನ್ ಅಡ್ಡಿ?" ಎಂದಳು. ಬೂದಿ ಹರವುವುದನ್ನು ಅವಳು ಬಿಡಲಿಲ್ಲ, ಹೆಜ್ಜೆ ಮತ್ತೆ ಮೂಡಲಿಲ್ಲ. ಹಸಿರು ಬಳೆ ತೊಟ್ಟೇ ಹೋದಳು. ಈಗ ಆ ಕುಣಿಗೆ ಸಿಮೆಂಟು ಬಿದ್ದಿದೆ.

"ಅಜ್ಜಿ, ಇವು ಖರೇನ ಅದಾವೇನು?" ಮೊಮ್ಮಗಳು ಕೇಳಿದಳು.

"ಗೊತ್ತಿಲ್ಲವ್ವ. ನಾ ಒಂದ ಹೆಜ್ಜಿ ಕಂಡೇನಿ, ಅಷ್ಟ."

"ಯಾರದು? ಜೀವಂತ ಇದ್ದವರದಾ?"

ಚಿಗವ್ವ ಇದ್ದಿದ್ದರೆ ಥಟ್ಟನೆ ಹೇಳುತ್ತಿದ್ದಳು. ನಾನು ಪುಸ್ತಕದ ಹಾಳೆಗಳಿಂದ ಮಡಿಲಿಗೆ ಉದುರಿದ ಬೂದಿಯನ್ನು ಬೆರಳಿನಿಂದ ಹರವಿದೆ.