ಇಬ್ಬರೇ ಇರುವ ಫೋಟೋ

ಆಸ್ಟ್ರೇಲಿಯಾದ ಪಿ.ಆರ್.ಗೆ, ಅಂದರೆ ಅಲ್ಲೇ ಕಾಯಂ ನೆಲೆಸುವ ಪರವಾನಗಿಗೆ, ಅರ್ಜಿ ಹಾಕಿದ್ದು ಹೆಸರಿಗೆ ನನ್ನ ಗಂಡ, ಬೆನ್ನು ಹತ್ತಿದವಳು ನಾನು. ಇವರು ಸಂಡೂರಿನ ಗಣಿಯಲ್ಲಿ ಡಂಪರ್‌ಗಳ ರಿಪೇರಿ ನೋಡಿಕೊಳ್ಳುವ ಎಂಜಿನಿಯರ್. ಅಲ್ಲೂ ಕಬ್ಬಿಣದ ಗಣಿಯೇ, ಅಲ್ಲೂ ಕೆಂಪು ಧೂಳೇ, ಹೋಗಿ ಮಾಡುವುದೇನು ಎಂದು ರಾಗ ಎಳೆಯುತ್ತಿದ್ದರು. ನನ್ನ ತಕರಾರು ಧೂಳಿನದಲ್ಲ. ಹೊಸಪೇಟೆಯ ನಮ್ಮ ಮನೆಯಲ್ಲಿ ಅತ್ತೆ, ಭಾವ, ನೆಗೆಣ್ಣಿ, ಅವರ ಮಕ್ಕಳು, ಮೇಲೆ ಕಂಪ್ಲಿ ಕಡೆಯಿಂದ ಬಂದುಹೋಗುವ ನೆಂಟರು. ಮದುವೆಯಾಗಿ ಆರು ವರ್ಷವಾದರೂ ಗಂಡನ ಪಕ್ಕ ಕೂತು ಒಂದು ಲೋಟ ಚಹಾ ಕುಡಿದವಳಲ್ಲ ನಾನು. ಯಾರೂ ಬೇಡ ಎಂದಿರಲಿಲ್ಲ, ಹಾಗೆ ಕೂರುವ ರೂಢಿ ಇರಲಿಲ್ಲ. ನನಗೆ ಉಸಿರು ಕಟ್ಟುತ್ತಿತ್ತು, ಹೋಗಲೇಬೇಕಿತ್ತು.

ಮನೆಯಲ್ಲಿ ಹೇಳಿರಲಿಲ್ಲ. ಅತ್ತೆ ಕಣ್ಣೀರು ಹಾಕಿದರೆ ಇವರು ಕರಗಿಬಿಡುತ್ತಾರೆಂಬ ದಿಗಿಲು ನನಗೆ. ಕೂಸು ಹುಟ್ಟುವ ಮುಂಚೆ ಕುಲಾವಿ ಯಾಕೆ, ವೀಸಾ ಬಂದಮೇಲೆ ಹೇಳೋಣ ಎಂದು ಇವರ ಬಾಯಿಗೆ ಬೀಗ ಹಾಕಿದ್ದೆ.

ಅಷ್ಟರಲ್ಲಿ ನಮ್ಮ ಅರ್ಜಿ ನೋಡಿಕೊಳ್ಳುತ್ತಿದ್ದ ವೀಸಾ ಏಜೆಂಟ್ ತಕರಾರು ತೆಗೆದ. ಮದುವೆ ನಿಜವಾದದ್ದೆಂದು ತೋರಿಸಲು ಫೋಟೋಗಳು ಬೇಕಂತೆ. ಕೊಟ್ಟಿದ್ದೆವಲ್ಲ? ಎಲ್ಲದರಲ್ಲೂ ಗಂಡಸರು ಹಿಂದೆ ನಿಂತಿದ್ದರು, ಹೆಂಗಸರು ಮುಂದೆ ಕೂತಿದ್ದೆವು. ಮದುವೆ ಫೋಟೋದಲ್ಲೂ ನಮ್ಮಿಬ್ಬರ ನಡುವೆ ಯಾರದೋ ಮಗು ತಲೆ ತೂರಿಸಿತ್ತು.

"ನೀವಿಬ್ಬರೇ ಇರೋದು ಒಂದೂ ಇಲ್ಲಲ್ರೀ ಮೇಡಂ! ಇದೇನು ಮದುವಿನೋ, ಜನಗಣತಿನೋ ಅಂತ ಕೇಳ್ತಾರ ವೀಸಾ ಆಫೀಸಿನವ್ರು," ಎಂದ. ನನಗೆ ನಗು ಬರಲಿಲ್ಲ.

ದೇವರ ದರ್ಶನದ ನೆಪ ಹೇಳಿ ಭಾನುವಾರ ಹಂಪಿಗೆ ಹೋದೆವು. ಪ್ರವಾಸಿಗರ ಫೋಟೋ ತೆಗೆಯುವವನೊಬ್ಬ ಕಲ್ಲುಮಂಟಪದ ಮುಂದೆ ನಿಲ್ಲಿಸಿ, "ಸರ್, ಇನ್ನಾ ಹತ್ರ ಬರ್ರಿ, ಹೆಗಲ ಮ್ಯಾಲ ಕೈ ಹಾಕ್ರಿ," ಎಂದ. ಇವರು ಕೈ ಹಾಕುವ ಮುಂಚೆ ನಮ್ಮೂರಿನವರು ಯಾರಾದರೂ ಇದ್ದಾರೇನೋ ಎಂದು ಸುತ್ತ ನೋಡಿದರು. ನನಗೆ ರೇಗಿಹೋಯಿತು.

"ನಾನೇನು ಕಂಡೋರ ಹೆಂಡ್ತಿ ಏನ್ರೀ? ಸರಿಯಾಗಿ ನಿಂದರ್ರಿ!"

ಇವರು ನಕ್ಕುಬಿಟ್ಟರು. ನಾನೂ ನಕ್ಕೆ. ಅವನು ಆಗಲೇ ಫೋಟೋ ಹೊಡೆದ. ನಾನು ಆಚೆ ಸರಿದಾಗ ಅವನು ಪ್ರಿಂಟ್ ಎಲ್ಲಿಗೆ ತಲುಪಿಸಲಿ ಎಂದು ಕೇಳಿದ್ದಕ್ಕೆ ಇವರು, ಆ ಪುಣ್ಯಾತ್ಮರು, ಮನೆಯ ವಿಳಾಸವನ್ನೇ ಕೊಟ್ಟಿದ್ದರು. ಅದು ನನಗೆ ಗೊತ್ತಾದದ್ದು ಎರಡು ದಿನದ ಮೇಲೆ, ಅತ್ತೆ ಪಡಸಾಲೆಯಲ್ಲಿ ಆ ಫೋಟೋ ಹಿಡಿದು ಕೂತಿದ್ದಾಗ.

ಇವರು ಆಗಷ್ಟೇ ಡ್ಯೂಟಿಯಿಂದ ಬಂದು ಬೂಟು ಬಿಚ್ಚುತ್ತಿದ್ದರು. ನಾನು ಬೈಗುಳಕ್ಕೆ ತಯಾರಾಗಿ ಬಾಗಿಲಲ್ಲೇ ನಿಂತೆ.

"ಭಾಳ ಚಂದ ಬಂದೈತಿ," ಎಂದರು ಅತ್ತೆ. "ನಿಮ್ಮ ಮಾವನ ಕೂಡ ನಂದು ಇಂಥಾದ್ದು ಒಂದೂ ಇಲ್ಲ." ಸೆರಗಿನಿಂದ ಫೋಟೋ ಒರೆಸಿದರು. "ಈ ಮನ್ಯಾಗ ಸುಮ್ ಸುಮ್ನ ಯಾರೂ ಹಿಂಗ ನಿಂತಿಲ್ಲ. ಇದು ಯಾವ್ದೋ ಅರ್ಜಿಗೆ ತಗಸಿದ್ದ ಇರಬೇಕು. ಎಲ್ಲಿಗೆ ಹೊಂಟೀರಿ?"

ಇವರು ತಡವರಿಸಿದರು. "ಯವ್ವಾ, ಇನ್ನೂ ಏನೂ ಗಟ್ಟಿ ಇಲ್ಲ..."

"ನೀ ಸುಮ್ನಿರೋ. ಆಕಿ ಹೇಳ್ಲಿ."

ಆರು ವರ್ಷ ಈ ಮನೆಯಲ್ಲಿ ನನಗೇನು ಬೇಕೆಂದು ಯಾರೂ ಕೇಳಿಲ್ಲ ಎಂದು ಒಳಗೊಳಗೇ ಕುದಿದವಳು ನಾನು. ಈಗ ಕೇಳುತ್ತಿದ್ದರು, ಕೇಳಬಾರದ ಹೊತ್ತಿನಲ್ಲಿ.

"ಭಾಳ ದೂರ, ಅತ್ತಿ," ಎಂದೆ. ಅವರ ಮುಖ ನೋಡಿ ಹೋಗುವುದಿಲ್ಲ ಎಂದುಬಿಡಬೇಕೆನಿಸಿತು, ಹಾಗೆನ್ನಲು ಮಾತ್ರ ನಾಲಿಗೆ ಏಳಲಿಲ್ಲ.