ಡಬ್ಬಿಯಲ್ಲಿ ಬೆಳೆದ ಬೇಲಿ

ಬಿಸಿಲಿಗೆ ಕಾದ ತಗಡಿನ ಡಬ್ಬಿಯ ಮಣ್ಣಿಗೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ತುಕ್ಕಿನದು, ಹಸಿಮಣ್ಣಿನದು, ಎಷ್ಟು ತೊಳೆದರೂ ಹೋಗದ ಸೀಮೆಎಣ್ಣೆಯದು, ಎಲ್ಲ ಕೂಡಿದ ವಾಸನೆ. ಮೊನ್ನೆ ಹುಕ್ಕೇರಿಯಲ್ಲಿ ಮಗಳ ಮನೆಯ ಮಾಳಿಗೆ ಹತ್ತಿದಾಗ ಅದು ಮೂಗಿಗೆ ಬಡಿಯಿತು. ಯಾರೋ ಗೆಳತಿ ಕೊಟ್ಟಳೆಂದು ಮಗಳು ಹಳೇ ಡಬ್ಬಿಯೊಂದರಲ್ಲಿ ಗಿಡ ಹಚ್ಚಿದ್ದಳು. ಮೈತುಂಬ ಮುಳ್ಳು, ತುದಿಯಲ್ಲಿ ಎರಡೆರಡು ಎಸಳಿನ ಕೆಂಪು ಹೂವು. "ಎಷ್ಟ ಚಂದ ಐತಿ ನೋಡವ್ವಾ" ಅಂದಳು. ಚಂದವೇನೋ ಖರೆ. ಆದರೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಮೊಣಕಾಲು ನೋಯುತ್ತದೆಂದು ಸುಳ್ಳು ಹೇಳಿ ಕೆಳಗಿಳಿದು ಬಂದೆ. ಬಾಲ್ಯದ ಮನೆಯನ್ನು ಕಳೆದುಕೊಂಡವರಿಗೆ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ನಿಮಗೂ ಇರಬಹುದು. ಕೆಲವರಿಗೆ ಅದು ತುಪ್ಪ ಕಾಸಿದ ವಾಸನೆ, ಪುಣ್ಯವಂತರು. ನನ್ನ ಹಣೆಬರಹಕ್ಕೆ ಇದು ಬಂತು.

ನಮ್ಮ ಮನೆ ಮಸಗುಪ್ಪಿಯಲ್ಲಿತ್ತು. ಕುರಿ, ಹೊಲ ಎರಡೂ ಇದ್ದ ಮನೆ. ಅದನ್ನು ಆಳುತ್ತಿದ್ದವಳು ನಮ್ಮ ಆಯಿ, ಅಪ್ಪನ ತಾಯಿ. ಬೆಣ್ಣೆ ಮಾರಲು ಗೋಕಾಕಕ್ಕೆ ಹೋಗುತ್ತಿದ್ದಳು, ಅಲ್ಲೊಂದು ಬಂಗಲೆಯಲ್ಲಿದ್ದ ಬಿಳಿ ದೊರೆಗೂ ಬೆಣ್ಣೆ ಕೊಡುತ್ತಿದ್ದಳು. ಸ್ವಾತಂತ್ರ್ಯ ಬಂದು ದೊರೆ ಗಂಟುಮೂಟೆ ಕಟ್ಟಿದಾಗ, ಊರಿನವರು ಕುರ್ಚಿ, ಕನ್ನಡಿ ತಂದರು. ನಮ್ಮ ಆಯಿ ಅಲ್ಲಿಯ ಮಾಲಿಯನ್ನು ಕಾಡಿ ಬೇಡಿ ಮುಳ್ಳಿನ ಕೊಂಬೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ, ಮುರಿದರೆ ಕಳ್ಳಿಯಂತೆ ಬಿಳಿ ಹಾಲು ಸುರಿಯುತ್ತಿತ್ತು, ಅದಕ್ಕೇ ದೊರಿಕಳ್ಳಿ ಎಂದು ಕರೆದೆವು. ಕೊಯ್ದ ಕೊಂಬೆಯನ್ನು ಆಯಿ ತಕ್ಷಣ ನೆಡುತ್ತಿರಲಿಲ್ಲ. ಗಾಯಕ್ಕೆ ಬೂದಿ ಮೆತ್ತಿ, ಹಾಲು ಒಣಗಿ ಹಕ್ಕಳೆ ಕಟ್ಟುವ ತನಕ ನೆರಳಿನಲ್ಲಿ ಒರಗಿಸಿಡುತ್ತಿದ್ದಳು. ಸೀಮೆಎಣ್ಣೆ ಡಬ್ಬಿಯನ್ನು ನಡುಮಧ್ಯ ಕತ್ತರಿಸಿ, ತಳಕ್ಕೆ ಮೊಳೆಯಿಂದ ತೂತು ಹೊಡೆದು, ಹಂಚಿನ ಚೂರು ಹಾಕಿ, ಮೇಲೆ ಹೊಳೆಯ ಉಸುಕು, ಹೊಲದ ಮಣ್ಣು, ಹಳೇ ಕುರಿಹಿಕ್ಕೆ ಬೆರೆಸಿ ತುಂಬುತ್ತಿದ್ದಳು. ಬೆರಳಿಳಿಸಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ನೀರು. ನಾನು ಪ್ರೀತಿಯಿಂದ ಚೊಂಬು ಹಿಡಿದು ಹೋದರೆ "ಕೊಳಿಸಿ ಕೊಲ್ಲತೀಯೇನ ಮೂಳಿ, ಸರಿ ಆಚೆ" ಎಂದು ಬೈಯುತ್ತಿದ್ದಳು. ಬಿಸಿಲೊಂದಿದ್ದರೆ ಸಾಕು, ವರ್ಷವಿಡೀ ಹೂವು. ನಾಲ್ಕೈದು ವರ್ಷದಲ್ಲಿ ಡಬ್ಬಿಗಳು ಹತ್ತಾರಾದವು, ಗಿಡಗಳು ನನ್ನ ಎದೆಯೆತ್ತರ ಬೆಳೆದವು.

ಅಜ್ಜ ತೀರಿಕೊಂಡ ಮೇಲೆ ಅಪ್ಪನಿಗೂ ಕಾಕಾನಿಗೂ ಬಗೆಹರಿಯಲಿಲ್ಲ. ಅಪ್ಪ ಬಸಪ್ಪ, ಅವನ ತಮ್ಮ ಲಕ್ಕಪ್ಪ ಕಾಕಾ. ಇಬ್ಬರದೂ ಒಂದೇ ಸಿಟ್ಟು, ಮೂಗಿನ ತುದಿಯಲ್ಲೇ. ಕಡೆಗೆ ಊರ ಹಿರಿಯರು ಕೂತು ಪಾಲು ಮಾಡಿದರು. ಹೊಲ ಹಂಚುವುದು ಸುಲಭ, ನಮ್ಮ ಕಡೆ ಬದುವಿಗೆ ಕಳ್ಳಿ ಹಚ್ಚಿದರೆ ಅದೇ ಗಡಿ, ಅದನ್ನು ದಾಟುವವರಿಲ್ಲ. ಆದರೆ ಮನೆಯ ನಡುವಿನ ಅಂಗಳ? ಗೋಡೆ ಕಟ್ಟಿಕೊಳ್ಳಿರೆಂದರು ಹಿರಿಯರು. ಆಯಿ ಎದ್ದು ನಿಂತಳು. "ನಾ ಕಣ್ಣ ಮುಚ್ಚೂಮಟಾ ಇಲ್ಲಿ ಗ್ವಾಡಿ ಏಳಬಾರದು. ಹೊಲಕ್ಕ ಕಳ್ಳಿ ನಡೀತೈತಿ ಅಂದ್ರ ಅಂಗಳಕ್ಕೂ ನಡೀತೈತಿ. ನನ್ನ ಡಬ್ಬಿ ಸಾಲಾಗಿ ಇಡ್ತೇನಿ. ಇವರ ಸಿಟ್ಟ ಇಳದ ದಿನ ನಾನ ಒಬ್ಬಾಕಿ ಎತ್ತಿ ಬಾಜೂಕ ಇಡ್ತೇನ್ರಿ." ಹಿರಿಯರಿಗೂ ಅದು ಸರಿ ಕಂಡಿತು. ಅಂಗಳದ ನಡುವೆ ಡಬ್ಬಿಗಳು ಸಾಲಾದವು. ಆಚೆ ಕಾಕಾನ ಒಲೆ, ಈಚೆ ನಮ್ಮ ಒಲೆ. ಆಯಿ ಒಂದು ಹೊತ್ತು ಅಲ್ಲಿ, ಒಂದು ಹೊತ್ತು ಇಲ್ಲಿ ಉಣ್ಣುತ್ತಿದ್ದಳು. ಮಕ್ಕಳಿಬ್ಬರೂ ಮತ್ತೆ ಒಂದೇ ಪಂಕ್ತಿಗೆ ಕೂಡುವುದೊಂದೇ ಅವಳಿಗೆ ಬೇಕಾಗಿದ್ದದ್ದು.

ಬೇರಿಲ್ಲದ ಬೇಲಿ ನಿಂತಲ್ಲಿ ನಿಲ್ಲುತ್ತದೆಯೇ? ಚಳಿಗಾಲ ಬಂತೆಂದರೆ ಕಾಕಾನ ಕಡೆಯ ಸೂರಿನ ನೆರಳು ಡಬ್ಬಿಗಳ ಮೇಲೆ ಬೀಳುತ್ತಿತ್ತು. ಎಲೆ ಹಳದಿಯಾಗುತ್ತಿತ್ತು. ಆಯಿ ಹಾಡಹಗಲೇ, ಮನೆಯಲ್ಲಿದ್ದ ಹೆಂಗಸರೆದುರೇ, ಡಬ್ಬಿಗಳನ್ನು ಬಿಸಿಲಿಗೆ ನಮ್ಮ ಕಡೆ ಜಗ್ಗುತ್ತಿದ್ದಳು. ಹೊಲದಿಂದ ಬಂದ ಅಪ್ಪ ನೋಡುವಷ್ಟರಲ್ಲಿ ನಮ್ಮ ಅಂಗಳ ಗೇಣು ಕಡಿಮೆಯಾಗಿರುತ್ತಿತ್ತು. ಮೊದಲ ಸಲ ಅವನು ಅವ್ವನ ಕೂದಲು ಹಿಡಿದು ಗೋಡೆಗೆ ಬಡಿದ. "ಅವರು ಜಾಗಾ ನುಂಗೂಮಟಾ ಒಳಗ ಕುಂತ ಏನ ಮಾಡಾಕತ್ತಿದ್ದಿ?" ಅಪ್ಪ ಒದ್ದು ಹಿಂದೆ ಸರಿಸಿದ ಡಬ್ಬಿಗಳನ್ನು ನೋಡಿ ಕಾಕಾ ತನ್ನ ಹೆಂಡತಿಯ ಬೆನ್ನ ಮೇಲೆ ಬಾರಕೋಲು ಮುರಿದ. ಅವಳ ಚೀರಾಟ ಕೇಳಿ ನಾನು ಕಾಳಿನ ಗುಡಾಣದ ಹಿಂದೆ ಅಡಗುತ್ತಿದ್ದೆ. ಗಂಡಸರ ಗೇಣು ನೆಲಕ್ಕೆ ಹೆಂಗಸರ ಮೈ! ಈಗಲೂ ನೆನೆದರೆ ಮೈಯುರಿಯುತ್ತದೆ. ಆಯಿ ಇಬ್ಬರ ನಡುವೆ ನಿಂತು ಎದೆ ಬಡಿದುಕೊಂಡಳು. "ಇವರದೇನ ತಪ್ಪರೋ ಮೂಳಗೋಳ್ಯಾ! ನೆರಳಾಗ ಗಿಡಾ ಸಾಯ್ತೈತಿ ಅಂತ ನಾನ ಸರಸೇನಿ." ಅಪ್ಪ ನಂಬಲಿಲ್ಲ. "ಸಣ್ಣ ಮಗನ ಮ್ಯಾಲ ಮಾಯಾ ಭಾಳ ನಿನಗ, ಅವನ ತಪ್ಪ ನಿನ್ನ ತಲಿಮ್ಯಾಲ ಹಾಕ್ಕೋತಿ" ಅಂದ. ಕಾಕಾನೂ ನಂಬಲಿಲ್ಲ, ಅಣ್ಣನ ಅಂಜಿಕೆಗೆ ಹೇಳುತ್ತಿದ್ದಾಳೆ ಅಂದ. ನಿಜ ಹೇಳಿದ ತಾಯಿ ಇಬ್ಬರಿಗೂ ಸುಳ್ಳಿಯಾದಳು. ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದಳು. ಮರುವರ್ಷ ಹೂವು ಉದುರಿ ಕಾಂಡ ಮೆತ್ತಗಾಗತೊಡಗಿದಾಗ ಕರುಳು ತಡೆಯದೆ ಮತ್ತೆ ಜಗ್ಗಿದಳು.

ಜೋಳದ ಸುಗ್ಗಿಯ ಆ ಮಧ್ಯಾಹ್ನ ಅಪ್ಪ ಮೊದಲು ಮನೆಗೆ ಬಂದ. ಡಬ್ಬಿ ನೋಡಿದ. ಎರಡು ಡಬ್ಬಿಗಳನ್ನು ಕಾಕಾನ ಅಂಗಳಕ್ಕೆ ಒದ್ದು ಉರುಳಿಸಿದ. ಅದೇ ಹೊತ್ತಿಗೆ ಕಾಕಾ ಕೈಯಲ್ಲಿ ಕುಡಗೋಲು ಹಿಡಿದು ಹೊಲದಿಂದ ಒಳಗೆ ಬಂದ. ಬೈಗುಳ ಮುಗಿಯುವ ಮೊದಲೇ ಅಪ್ಪನ ಬಡಿಗೆ ಅವನ ಭುಜಕ್ಕೆ ಬಿತ್ತು, ಎಲುಬಿನ ಸಪ್ಪಳ ನನಗೆ ಕೇಳಿಸಿತು. ಕಾಕಾ ಬೀಸಿದ ಕುಡಗೋಲಿಗೆ ಅಪ್ಪನ ಕಿವಿ ಹರಿದು ಅಂಗಿಯೆಲ್ಲ ರಕ್ತವಾಯಿತು. ನಡುವೆ ಗಿಡಗಳಿದ್ದದ್ದರಿಂದ ಒಬ್ಬರು ಇನ್ನೊಬ್ಬರ ಕುತ್ತಿಗೆಗೆ ಕೈಹಾಕಲಾಗಲಿಲ್ಲ. "ಈ ಬೇಲೀನ ಇಲ್ಲದಂಗ ಮಾಡಿ ನಿನ್ನ ಕೊಯ್ತೇನಿ" ಎಂದು ಕಾಕಾ ಬಾಗಿ ದೊರಿಕಳ್ಳಿಯನ್ನೇ ಕಡಿಯತೊಡಗಿದ. ಹುಚ್ಚು ಹಿಡಿದವನಂತೆ ಕಡಿದ. ಗಿಡದ ಹಾಲು ಚಿಮ್ಮಿ ಅವನ ಎರಡೂ ಕಣ್ಣಿಗೆ ಬಿತ್ತು. ಅವನು ಕೂಗಿದ್ದು ಮನುಷ್ಯರ ಕೂಗಾಗಿರಲಿಲ್ಲ. ಕಣ್ಣು ಕಾಣದೆಯೂ ಕುಡಗೋಲು ಬೀಸುತ್ತಲೇ ಇದ್ದ. ಹಿಡಿಯಲು ಹೋದ ಆಯಿಯ ಅಂಗೈ ಸೀಳಿತು, ಆದರೂ ಅವಳು ಅಲಗನ್ನು ಬಿಡಲಿಲ್ಲ, ಕಸಿದುಕೊಂಡಳು.

ಕಣ್ಣಿಗೆ ಕಳ್ಳಿಹಾಲು ಬಿದ್ದರೆ ಎದೆಹಾಲು ಹಾಕಬೇಕೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಮನೆಯಲ್ಲಿ ಮೊಲೆಯುಣ್ಣುವ ಕೂಸಿದ್ದದ್ದು ನಮ್ಮವ್ವನಿಗೆ ಒಬ್ಬಳಿಗೇ. ಅವ್ವ ನನ್ನ ತಮ್ಮನನ್ನು ನನ್ನ ತೊಡೆಗೆ ಹಾಕಿ, ಮುಳ್ಳಿಗೆ ಸೀರೆ ಹರಿಯುವುದನ್ನೂ ನೋಡದೆ ಡಬ್ಬಿ ದಾಟಿ ಹೋದಳು. ಮೈದುನನ ತಲೆಯನ್ನು ತೊಡೆಯ ಮೇಲೆಳೆದುಕೊಂಡಳು. "ತಿಕ್ಕಬ್ಯಾಡ ಲಕ್ಕಪ್ಪಾ, ತಿಕ್ಕಬ್ಯಾಡೋ! ನಾ ವೈನಿ ಅದೇನಿ, ಕಣ್ಣ ಬಿಡು." ಎಲ್ಲರೆದುರು ಸೆರಗು ಸರಿಸಿ ಎದೆ ಹಿಂಡಿ ಅವನ ಕಣ್ಣಿಗೆ ಹಾಲು ಬಿಟ್ಟಳು. ಅಪ್ಪ ಏನು ಮಾಡಿದ ಗೊತ್ತೇ? ಡಬ್ಬಿಗಳ ಈಚೆಯಿಂದ ಬಡಿಗೆಯೆತ್ತಿ ಅವಳ ಬೆನ್ನಿಗೆ ಬಾರಿಸಿದ. "ದಾಟಿ ಹೋದಾಕಿ ಅಲ್ಲೇ ಬಿದ್ದಿರ!" ಅವ್ವ ಅಲುಗಲಿಲ್ಲ. "ಹೊಡೀರಿ. ಇವನ ಕಣ್ಣ ತೊಳದ ಮ್ಯಾಲ ಬರ್ತೇನಿ" ಅಂದಳು. ಅವನು ಮತ್ತೆ ಬಡಿಗೆಯೆತ್ತಿದಾಗ ಆಯಿ ಬಂದು ರಕ್ತ ಸುರಿಯುವ ಕೈಯಿಂದ ಅವನ ಕೆನ್ನೆಗೆ ಹೊಡೆದಳು. ಅಪ್ಪನ ಮೋರೆಯ ಮೇಲೆ ಅವಳ ಐದು ಬೆರಳೂ ಮೂಡಿದವು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದಳು, "ಗೌಂಡ್ಯಾನ ಕರೀರಿ. ಗ್ವಾಡಿ ಕಟ್ಟಸೂಣು. ನೀವ ಕೂಡಿ ಇರೂದ ಬ್ಯಾಡಪಾ, ಜೀವಂತ ಇರ್ರಿ, ಸಾಕು."

ಗೌಂಡಿ ಬಂದ. ಅಷ್ಟರಲ್ಲಿ ಆಯಿ ಉಳಿದ ಗಿಡಗಳನ್ನೆಲ್ಲ ತಾನೇ ಕಿತ್ತು ಒಣಗಲು ಹಾಕಿ ಸುಟ್ಟಿದ್ದಳು. ಅಂಗೈಗೆ ಅರಿವೆ ಸುತ್ತಿಕೊಂಡು ಗೋಡೆಯ ಮಣ್ಣನ್ನು ತಾನೇ ತುಳಿದು ಹದಮಾಡಿದಳು. ತಲೆಯೆತ್ತರ ಬಂದಾಗ ಗೌಂಡಿ ಸಾಕೇ ಎಂದು ಕೇಳಿದ. "ಇನ್ನೂ ಎತ್ತರ ಮಾಡಪಾ, ಕೈ ಎತ್ತಿದ್ರೂ ಕಾಣಬಾರದು" ಅಂದಳು. ಬಾಗಿಲಿಲ್ಲದ ಗೋಡೆ. ಕಾಕಾನ ಒಂದು ಕಣ್ಣು ಉಳಿಯಿತು, ಇನ್ನೊಂದು ಬೆಳ್ಳಗಾಗಿ ಹೋಯಿತು. ಕಣ್ಣು ಹೋದ ಮಗನ ಕಡೆಯೇ ಇರುತ್ತೇನೆಂದು ಆಯಿ ಆಚೆ ಉಳಿದಳು. ಬೆಳಿಗ್ಗೆ ಅವಳು ಅಲ್ಲಿ ಕೆಮ್ಮಿದರೆ ಅವ್ವ ಇಲ್ಲಿ ಬಳೆ ಸಪ್ಪಳ ಮಾಡುತ್ತಿದ್ದಳು. ಅತ್ತೆ ಸೊಸೆಯರಿಗೆ ಉಳಿದ ಮಾತು ಅಷ್ಟೇ. ನನಗೆ ಅವಳ ಬೈಗುಳ ಬೇಕೆನ್ನಿಸುತ್ತಿತ್ತು.

ಕೆಲವು ವರ್ಷಗಳಾದ ಮೇಲೆ ಆಯಿ ತೀರಿಹೋದಳು. ಅವ್ವ ಗಂಡನನ್ನು ಕೇಳದೆ ನಮ್ಮನ್ನೆಲ್ಲ ಕರೆದುಕೊಂಡು ಓಣಿ ಸುತ್ತಿ ಆಚೆ ಹೋಗಿ ಅತ್ತು ಬಂದಳು. ಹೆಣ ಎತ್ತುವ ಹೊತ್ತಿಗೆ ಮತ್ತೆ ಹೊರಡೋಣವೆಂದು ನಾನು ನಮ್ಮ ಅಂಗಳಕ್ಕೆ ಬಂದರೆ ಅಪ್ಪ ಗೋಡೆಗೆ ಹಣೆ ಹಚ್ಚಿ ನಿಂತಿದ್ದ, "ಯವ್ವಾ" ಎಂದು ಸಣ್ಣ ಕೂಸಿನಂತೆ ಅಳುತ್ತಿದ್ದ. ಆಚೆಯಿಂದ ಕಾಕಾನಿಗೆ ಕೇಳಿಸಿರಬೇಕು. "ಅಣ್ಣಾ, ಬರ್ತೀಯೇನೋ? ಹೊತ್ತಾತು, ಎತ್ತಾಕತ್ತಾರ" ಅಂದ. ಅಪ್ಪ ಹಣೆಯನ್ನು ಗೋಡೆಗೆ ಇನ್ನೂ ಒತ್ತಿದ. ಕಾಕಾ ಇನ್ನೊಮ್ಮೆ ಕರೆದ. ಹೆಣದ ಮುಂದಿನ ಹಲಗಿಯ ಸಪ್ಪಳ ಎದ್ದಿತು, ಓಣಿ ಹಿಡಿದು ದೂರ ಹೋಯಿತು. ಅಪ್ಪ ಅಲ್ಲಿಂದ ಕದಲಲಿಲ್ಲ. ಇಬ್ಬರೂ ಹಣ್ಣು ಹಣ್ಣು ಮುದುಕರಾಗುವ ತನಕ ಬದುಕಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ.